ಆಫ್ರಿಕಾ ಕ್ರೀಡಾಕೂಟದ ಅಥ್ಲೆಟಿಕ್ಸ್: ಕೀನೊ ಓಡಿದ ಕೂಟಕ್ಕೆ ಇಂದಿನ ತಾರೆಯರು ಬರುವುದು ಏಕೆ ಕಡಿಮೆಯಾಯಿತು?

ಪೂರ್ವ ಗ್ಯಾಲರಿ (ಚರ್ಚೆ ಆರಂಭಿಸಿದವರು)

2025ರ ಜುಲೈ 5ರ ಸಂಜೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಅವರ ಹೆಸರಿನ ಜಾವೆಲಿನ್ ಕೂಟ ನಡೆದಾಗ ನಾನೂ ಗ್ಯಾಲರಿಯಲ್ಲಿದ್ದೆ. ನೀರಜ್ 86.18 ಮೀಟರ್ ಎಸೆದು ಗೆದ್ದರು. 84.51 ಮೀಟರ್ ಎಸೆದು ಎರಡನೆಯವರಾದವರು ಕೀನ್ಯಾದ ಜೂಲಿಯಸ್ ಯೇಗೊ. ಅವರ ಹೆಸರು ಕೂಗಿದಾಗ ನನ್ನ ಮುಂದಿನ ಸಾಲಿನಲ್ಲಿದ್ದ ಶಾಲಾ ಹುಡುಗನೊಬ್ಬ ತಂದೆಯ ತೋಳು ಜಗ್ಗಿ, "ಅಪ್ಪಾ, ಕೀನ್ಯಾದವರು ಓಡೋದಲ್ವಾ?" ಎಂದು ಕೇಳಿದ. ತಂದೆಯ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಳಿಯೂ ಇರಲಿಲ್ಲ.

ಮನೆಗೆ ಬಂದ ಮೇಲೆ ಯೇಗೊ ಅವರ ಹಾದಿಯನ್ನು ಹಿಂದಕ್ಕೆ ಹುಡುಕುತ್ತಾ ಹೋದೆ. ಮೊದಲು ಸಿಕ್ಕಿದ್ದು 2015ರ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನ 92.72 ಮೀಟರಿನ ಚಿನ್ನ, ಅದಕ್ಕೂ ಹಿಂದೆ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಚಿನ್ನ, ಇನ್ನೂ ಹಿಂದೆ 2011ರಲ್ಲಿ ಮೊಜಾಂಬಿಕ್‌ನ ರಾಜಧಾನಿ ಮಪುಟೊದಲ್ಲಿ ನಡೆದ ಆಫ್ರಿಕಾ ಕ್ರೀಡಾಕೂಟದ ಚಿನ್ನ. ತರಬೇತುದಾರರಿಲ್ಲದೆ, ಯಾನ್ ಝೆಲೆಜ್ನಿ ಮತ್ತು ಆಂಡ್ರಿಯಾಸ್ ಥೋರ್ಕಿಲ್ಡ್‌ಸನ್ ಅವರ ವಿಡಿಯೊಗಳನ್ನು ಯೂಟ್ಯೂಬ್‌ನಲ್ಲಿ ನೋಡಿ ಕಲಿತ ಮನುಷ್ಯನಿಗೆ ತನ್ನ ಖಂಡದಲ್ಲಿ ತಾನೇ ಮುಂದು ಎಂದು ಮೊದಲು ಖಾತ್ರಿಪಡಿಸಿದ್ದು ಆ ಮಪುಟೊ ಕೂಟ. (ಯೇಗೊ ಕೀನ್ಯಾದ ನಂದಿ ಸೀಮೆಯವರು. ಅಲ್ಲಿಯೂ ಒಂದು ನಂದಿ ಬೆಟ್ಟವಿದೆ ಎಂಬುದು ಬೆಂಗಳೂರಿನವರಿಗೆ ವಿಶೇಷ ಖುಷಿ ಕೊಡುವ ಸಂಗತಿ.)

ನನ್ನ ಪ್ರಶ್ನೆ ಇಷ್ಟು. 1965ರ ಜುಲೈನಲ್ಲಿ ಕಾಂಗೊದ ಬ್ರಾಝವಿಲ್‌ನಲ್ಲಿ ಸುಮಾರು 30 ದೇಶಗಳೊಂದಿಗೆ ಮೊದಲ ಆಫ್ರಿಕಾ ಕೂಟ ನಡೆದಾಗ ಕೀನ್ಯಾದ ಕಿಪ್ಚೋಗೆ ಕೀನೊ 1500 ಮೀಟರ್ ಮತ್ತು 5000 ಮೀಟರ್ ಎರಡನ್ನೂ ಗೆದ್ದರು. ಮರು ತಿಂಗಳೇ ಅವರು 3000 ಮೀಟರ್ ಓಟದಲ್ಲಿ ವಿಶ್ವದಾಖಲೆ ಬರೆದರು. ಅಂದರೆ ಆ ಕೂಟದಲ್ಲಿ ಓಡಿದವರು ಜಗತ್ತಿನ ಮೊದಲ ಸಾಲಿನವರು. ಈಗಿನ ಕೂಟಗಳ ಫಲಿತಾಂಶ ತೆರೆದರೆ, ಬಹುಮಾನದ ಹಣವಿರುವ ಅಂತರರಾಷ್ಟ್ರೀಯ ಕೂಟಗಳ ಸರಣಿಯಾದ ಡೈಮಂಡ್ ಲೀಗ್‌ನಲ್ಲಿ ನಾವು ನೋಡುವ ಆಫ್ರಿಕದ ಎಷ್ಟೋ ಹೆಸರುಗಳು ಅದರಲ್ಲಿ ಇರುವುದೇ ಇಲ್ಲ. 1978ರಲ್ಲಿ ಕೀನ್ಯಾದ ಹೆನ್ರಿ ರೋನೊ ಅಲ್ಜಿಯರ್ಸ್‌ ಕೂಟದಲ್ಲಿ 5000 ಮೀಟರ್ ಮತ್ತು ಸ್ಟೀಪಲ್‌ಚೇಸ್ (ತಡೆ, ನೀರಿನ ಗುಂಡಿ ದಾಟುವ ಓಟ) ಗೆದ್ದ ಕಾಲಕ್ಕೂ ಇಂದಿಗೂ ನಡುವೆ ಬದಲಾದದ್ದೇನು?

ಹಳೇ ಸ್ಪೈಕ್ಸ್

ಮೊದಲು ಸಣ್ಣದೊಂದು ತಿದ್ದುಪಡಿ. ಅಲ್ಜಿಯರ್ಸ್‌ನಲ್ಲಿ ರೋನೊ ಗೆದ್ದದ್ದು 10,000 ಮೀಟರ್ ಮತ್ತು 3000 ಮೀಟರ್ ಸ್ಟೀಪಲ್‌ಚೇಸ್. ನೀವು ಹೇಳುವ 5000 ಮೀಟರ್ ಮತ್ತು ಸ್ಟೀಪಲ್‌ಚೇಸ್ ಜೋಡಿಯನ್ನು ಅವರು ಗೆದ್ದದ್ದು ಮರು ತಿಂಗಳು, ಎಡ್ಮಂಟನ್ ಕಾಮನ್‌ವೆಲ್ತ್ ಕೂಟದಲ್ಲಿ. ಎರಡೂ ಒಂದೇ ಬೇಸಿಗೆಯವಾದ್ದರಿಂದ ಬೆರೆತುಹೋಗುವುದು ಸಹಜ.

ಆದರೆ ನಿಮ್ಮ ಪ್ರಶ್ನೆಯನ್ನು ನಾನು ಅಲ್ಜಿಯರ್ಸ್‌ನಿಂದ ಅಲ್ಲ, 1973ರ ಲಾಗೋಸ್‌ನಿಂದ ಬಿಡಿಸಲು ಇಷ್ಟಪಡುತ್ತೇನೆ. ಎರಡನೆಯ ಕೂಟ 1969ರಲ್ಲಿ ಮಾಲಿಯ ಬಮಾಕೊದಲ್ಲಿ ನಡೆಯಬೇಕಿತ್ತು. 1968ರಲ್ಲಿ ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡದ್ದರಿಂದ ಅದು ರದ್ದಾಯಿತು. ಬಿಯಾಫ್ರಾ ಎಂಬ ಅಂತರ್ಯುದ್ಧ ಮುಗಿಸಿಕೊಂಡಿದ್ದ ನೈಜೀರಿಯಾ ಹೊಣೆ ಹೊತ್ತು, ಲಾಗೋಸ್‌ನ ಸುರುಲೆರೆಯಲ್ಲಿ ಹೊಸ ರಾಷ್ಟ್ರೀಯ ಕ್ರೀಡಾಂಗಣ ಕಟ್ಟಿ, 1973ರ ಜನವರಿಯಲ್ಲಿ ಅಂತೂ ಕೂಟ ನಡೆಸಿತು. ಮ್ಯೂನಿಕ್ ಒಲಿಂಪಿಕ್ಸ್ ಮುಗಿದು ಆಗ ನಾಲ್ಕೇ ತಿಂಗಳು. ಅಲ್ಲಿ 400 ಮೀಟರ್ ಹರ್ಡಲ್ಸ್ ಅನ್ನು ಒಂದನೇ ಲೇನ್‌ನಿಂದ ಓಡಿ 47.82 ಸೆಕೆಂಡುಗಳಲ್ಲಿ ಮುಗಿಸಿ, 48 ಸೆಕೆಂಡಿನ ಗೋಡೆಯನ್ನು ಮೊದಲು ದಾಟಿದ್ದ ಉಗಾಂಡಾದ ಜಾನ್ ಅಕಿ-ಬುವಾ ಲಾಗೋಸ್‌ಗೆ ಬಂದರು, 48.54ರಲ್ಲಿ ಗೆದ್ದರು. ಇಥಿಯೋಪಿಯಾದ ಮಿರುಟ್ಸ್ ಯಿಫ್ಟರ್ ಬಂದರು, 10,000 ಮೀಟರ್ ಗೆದ್ದರು. ಮ್ಯೂನಿಕ್‌ನ ಸ್ಟೀಪಲ್‌ಚೇಸ್‌ನಲ್ಲಿ ಚಿನ್ನ ಮತ್ತು ಬೆಳ್ಳಿ ಗೆದ್ದಿದ್ದ ಕೀನೊ, ಬೆನ್ ಜಿಪ್ಚೊ ಇಬ್ಬರೂ ಬಂದರು.

ಜಿಪ್ಚೊ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ 1500 ಮೀಟರ್ ಫೈನಲ್‌ನಲ್ಲಿ ಅಮೆರಿಕದ ಜಿಮ್ ರಯನ್ ಅವರ ಕೊನೆಯ ಸುತ್ತಿನ ವೇಗವನ್ನು ಮುರಿಯಲು, ಮೊದಲ ಸುತ್ತನ್ನು ಜಿಪ್ಚೊ ಹುಚ್ಚು ವೇಗದಲ್ಲಿ ಎಳೆದರು. ಅದರ ಫಲ ಕೀನೊ ಅವರ ಚಿನ್ನ, ಜಿಪ್ಚೊ ಅವರಿಗೆ ದಣಿವು ಮಾತ್ರ. ಮ್ಯೂನಿಕ್‌ನಲ್ಲಿಯೂ ಕೀನೊ ಹಿಂದೆ ಎರಡನೇ ಸ್ಥಾನ. ಲಾಗೋಸ್‌ನಲ್ಲಿ ಅವರು ತಮ್ಮ ಪಾಲಿಗಾಗಿಯೇ ಓಡಿ, ಸ್ಟೀಪಲ್‌ಚೇಸ್ ಅನ್ನು 8 ನಿಮಿಷ 20.8 ಸೆಕೆಂಡುಗಳಲ್ಲಿ ಮುಗಿಸಿ ಸ್ವೀಡನ್ನಿನ ಗಾರ್ಡೆರುಡ್ ಅವರ ವಿಶ್ವದಾಖಲೆಯನ್ನು ಸರಿಗಟ್ಟಿದರು. 5000 ಮೀಟರ್ ಓಟವನ್ನೂ ಗೆದ್ದರು. ಯೂರೋಪಿನ ಟ್ರ್ಯಾಕುಗಳೆಲ್ಲ ಚಳಿಗೆ ಮುಚ್ಚಿರುವ ಜನವರಿಯಲ್ಲಿ, ಸಮುದ್ರದಂಚಿನ ಆ ಬೆವರಿಳಿಯುವ ಊರಿನಲ್ಲಿ ವಿಶ್ವದಾಖಲೆಯ ಮಟ್ಟದ ಓಟ ನಡೆದದ್ದನ್ನು ಎಷ್ಟು ಜನ ನೆನಪಿಟ್ಟಿದ್ದಾರೋ ತಿಳಿಯದು.

1500 ಮೀಟರ್ ಓಟದಲ್ಲಿ ಕೀನೊ ಸೋತರು. ಸೋಲಿಸಿದ್ದು ತಾಂಜಾನಿಯಾದ 19 ವರ್ಷದ ಫಿಲ್ಬರ್ಟ್ ಬಾಯಿ.

ಸುಣ್ಣದ ಗೆರೆ

ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಹಳೇ ಸ್ಪೈಕ್ಸ್ ಸರ್ ಅವರ ಬರಹಕ್ಕೆ ಒಂದು ಅಡಿಟಿಪ್ಪಣಿ ಸೇರಿಸುತ್ತೇನೆ. ಕೆಲವು ಪಟ್ಟಿಗಳಲ್ಲಿ ಜಿಪ್ಚೊ ಅವರ ಲಾಗೋಸ್ ಸಮಯ 8:20.69 ಎಂದಿರುತ್ತದೆ, ಇನ್ನು ಕೆಲವದರಲ್ಲಿ 8:20.8 ಎಂದಿರುತ್ತದೆ. ಎರಡೂ ಒಂದೇ ಓಟದವು. ಅಂದು ದೂರದ ಓಟಗಳಲ್ಲಿ ದಾಖಲೆಗೆ ಹೋಗುತ್ತಿದ್ದದ್ದು ಕೈ ಗಡಿಯಾರದ ಹತ್ತನೇ ಒಂದು ಸೆಕೆಂಡಿನ ಲೆಕ್ಕ. ವಿದ್ಯುನ್ಮಾನ ಲೆಕ್ಕವನ್ನೇ ಕಡ್ಡಾಯ ಮಾಡಿದ್ದು ಆಮೇಲೆ, ಅದೂ ಮೊದಲು 400 ಮೀಟರ್‌ವರೆಗಿನ ಓಟಗಳಿಗೆ 1977ರಲ್ಲಿ.

ಸ್ಟೀಪಲ್‌ಚೇಸ್ ನೋಡದವರಿಗೆ ಒಂದು ಮಾತು. ಏಳೂವರೆ ಸುತ್ತಿನ ಓಟದಲ್ಲಿ 28 ತಡೆಗಳು, ಅವಲ್ಲದೆ 7 ಬಾರಿ ನೀರಿನ ಗುಂಡಿ. ಪುರುಷರಿಗೆ ತಡೆಯ ಎತ್ತರ 91.4 ಸೆಂಟಿಮೀಟರ್. ಈ ತಡೆ ನಮ್ಮ ಶಾಲಾ ಕೂಟದ ಹರ್ಡಲ್‌ನಂತೆ ತಾಗಿದರೆ ಬೀಳುವುದಿಲ್ಲ, ತಾಗಿದವನೇ ಬೀಳುತ್ತಾನೆ. ಮೊದಲ ಗುಂಡಿ ದಾಟಿದ ಕ್ಷಣದಿಂದ ಒದ್ದೆ ಬೂಟಿನಲ್ಲೇ ಉಳಿದ ಓಟ. ನಮ್ಮ ತಾಲ್ಲೂಕು ಮೈದಾನದಲ್ಲಿ ಲೇನ್ ಗೆರೆಗೆ ಸುಣ್ಣ ಹೊಂದಿಸುವುದೇ ಪ್ರತಿ ವರ್ಷದ ಪರದಾಟ, ಇನ್ನು ನೀರಿನ ಗುಂಡಿಯ ಮಾತೆಲ್ಲಿ? ಹಾಗಾಗಿ ಈ ಓಟವನ್ನು ನಾನು ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದೇ ಕಲಿಸುತ್ತೇನೆ.

ಲೆಕ್ಕದ ಪುಸ್ತಕ

ನೆನಪುಗಳು ಚೆನ್ನಾಗಿವೆ, ಆದರೆ ಪ್ರಶ್ನೆಗೆ ಉತ್ತರ ದಿನಾಂಕಪಟ್ಟಿಯಲ್ಲಿದೆ ಎಂದು ನನ್ನ ಅಭಿಪ್ರಾಯ. ಮೂರು ಉದಾಹರಣೆ ಸಾಕು.

2015ರಲ್ಲಿ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್ ಆಗಸ್ಟ್ 30ಕ್ಕೆ ಮುಗಿಯಿತು, ಸೆಪ್ಟೆಂಬರ್ ಮೊದಲೆರಡು ವಾರದಲ್ಲಿ ಜ್ಯೂರಿಚ್ ಮತ್ತು ಬ್ರಸೆಲ್ಸ್‌ನ ಡೈಮಂಡ್ ಲೀಗ್ ಫೈನಲ್‌ಗಳು ನಡೆದವು, ಅದಾದ ಬೆನ್ನಿಗೇ ಬ್ರಾಝವಿಲ್ ಕೂಟದ ಅಥ್ಲೆಟಿಕ್ಸ್ ಇತ್ತು. ಜನವರಿಯಿಂದ ಮೈ ದಂಡಿಸಿ ಋತುವಿನ ಕೊನೆಗೆ ಬಂದ ಓಟಗಾರನಿಗೆ ಆ ಹೊತ್ತಿಗೆ ಬೇಕಾಗುವುದು ಹಾಸಿಗೆ, ಹೀಟ್ಸ್ ಅಲ್ಲ. 2019ರಲ್ಲಿ ಮೊರಾಕ್ಕೊದ ರಬಾತ್ ಕೂಟದ ಅಥ್ಲೆಟಿಕ್ಸ್ ಆಗಸ್ಟ್ 26ರಿಂದ 30ರವರೆಗೆ ನಡೆಯಿತು, ಜ್ಯೂರಿಚ್‌ನ ಡೈಮಂಡ್ ಲೀಗ್ ಫೈನಲ್ ಆಗಸ್ಟ್ 29ಕ್ಕೆ. ಒಂದು ಕಡೆ ಪದಕ ಮತ್ತು ರಾಷ್ಟ್ರಗೀತೆ, ಇನ್ನೊಂದು ಕಡೆ ಮನೆ ನಡೆಸುವ ಹಣ, ಎರಡೂ ಒಂದೇ ವಾರದಲ್ಲಿ. ಆಯ್ಕೆ ಮಾಡಿದವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಘಾನಾದ ಅಕ್ರಾದಲ್ಲಿ 2023ರಲ್ಲಿ ನಡೆಯಬೇಕಿದ್ದ ಕೂಟದ್ದು ಇನ್ನೂ ವಿಚಿತ್ರ. ಮಾರುಕಟ್ಟೆ ಹಕ್ಕುಗಳು ಯಾರಿಗೆ ಸೇರಬೇಕು ಎಂದು ಕೂಟದ ಒಡೆತನ ಹೊಂದಿರುವ ಸಂಸ್ಥೆಗಳು ತಮ್ಮೊಳಗೇ ಜಗಳವಾಡಿದ್ದರಿಂದ ಅದು 2024ರ ಮಾರ್ಚ್‌ಗೆ ಮುಂದೂಡಲ್ಪಟ್ಟಿತು. ಆ ಮಾರ್ಚ್‌ನ ಮೊದಲ ವಾರ ಗ್ಲಾಸ್ಗೊದಲ್ಲಿ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್ ಇತ್ತು, 30ಕ್ಕೆ ಬೆಲ್‌ಗ್ರೇಡ್‌ನಲ್ಲಿ ವಿಶ್ವ ಕ್ರಾಸ್ ಕಂಟ್ರಿ ಇತ್ತು. ಅಕ್ರಾದ ಓಟಗಳು ನಡೆದದ್ದು ಇವೆರಡರ ನಡುವೆ, 18ರಿಂದ 22ರವರೆಗೆ. ಕೀನ್ಯಾ, ಇಥಿಯೋಪಿಯಾ, ಉಗಾಂಡಾಗಳ ದೂರದ ಓಟಗಾರರಿಗೆ ಕ್ರಾಸ್ ಕಂಟ್ರಿ ಎಂದರೆ ಕುಲದೇವರ ಜಾತ್ರೆಯಿದ್ದಂತೆ, ಅದನ್ನು ಬಿಟ್ಟು ಅಕ್ರಾಕ್ಕೆ ಏಕೆ ಹೋದಾರು? ಸಾಲದ್ದಕ್ಕೆ ಅದೇ ವರ್ಷದ ಜೂನ್‌ನಲ್ಲಿ ಕ್ಯಾಮರೂನಿನ ಡೌಲಾದಲ್ಲಿ ಆಫ್ರಿಕನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್, ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್.

1979ರಿಂದ ಪ್ರತ್ಯೇಕ ಖಂಡ ಚಾಂಪಿಯನ್‌ಷಿಪ್ ಇರುವಾಗ ಆಫ್ರಿಕಾ ಕ್ರೀಡಾಕೂಟದಲ್ಲಿ ಅಥ್ಲೆಟಿಕ್ಸ್ ಮತ್ತೊಮ್ಮೆ ನಡೆಸುವ ಅಗತ್ಯವೇನು? ಎರಡನ್ನೂ ಒಂದು ಮಾಡಿಬಿಡುವುದು ವಾಸಿ.

ಎಂಟನೇ ಲೇನ್

ಒಂದು ಮಾಡಿದರೆ ನಷ್ಟ ತಾರೆಯರಿಗಲ್ಲ, ಉಳಿದವರಿಗೆ. ಅಕ್ರಾದಲ್ಲಿ ಮಹಿಳೆಯರ 100 ಮೀಟರ್ ಗೆದ್ದದ್ದು ಗ್ಯಾಂಬಿಯಾದ ಜೀನಾ ಬಾಸ್, ಪುರುಷರದ್ದು ಕ್ಯಾಮರೂನಿನ ಎಮ್ಯಾನುಯೆಲ್ ಎಸೆಮೆ. ಗ್ಯಾಂಬಿಯಾದ ಒಟ್ಟು ಜನಸಂಖ್ಯೆ ನಮ್ಮ ಬೆಂಗಳೂರಿನ ಕಾಲುಭಾಗದಷ್ಟೂ ಇಲ್ಲ. ಅಂಥ ದೇಶದ ಬಾವುಟ ಮೊದಲ ಕಂಬಕ್ಕೆ ಏರುವ ಅವಕಾಶ ವರ್ಷದಲ್ಲಿ ಎಷ್ಟು ಕಡೆ ಸಿಗುತ್ತದೆ, ಲೆಕ್ಕದ ಪುಸ್ತಕದವರೇ, ಅದನ್ನೂ ಸ್ವಲ್ಪ ಲೆಕ್ಕ ಹಾಕಿ ಹೇಳಿ.

ಮರಳು ಗುಂಡಿ

ಈವರೆಗೆ ಬಂದ ಉತ್ತರಗಳಲ್ಲಿ ಜೀನಾ ಬಾಸ್ ಒಬ್ಬರನ್ನು ಬಿಟ್ಟರೆ ಮಹಿಳೆಯರ ಹೆಸರೇ ಇಲ್ಲ, ಲಾಗೋಸ್ ಬಗ್ಗೆ ಅಷ್ಟು ಬರೆದ ಹಳೇ ಸ್ಪೈಕ್ಸ್ ಸರ್ ಕೂಡ ಮೊಡುಪೆ ಒಶಿಕೋಯಾ ಅವರನ್ನು ಮರೆತಿದ್ದಾರೆ. ತನ್ನದೇ ಊರಿನವರ ಮುಂದೆ ಈಕೆ 100 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಉದ್ದ ಜಿಗಿತ ಮೂರರಲ್ಲಿಯೂ ಚಿನ್ನ ಗೆದ್ದರು. ಮೂರಕ್ಕೂ ಓಡಿ ಬರುವ ಲಯ ಬೇರೆ ಬೇರೆ. ಹರ್ಡಲ್ಸ್‌ನಲ್ಲಿ ಹೆಜ್ಜೆ ಲೆಕ್ಕ ತಪ್ಪುವಂತಿಲ್ಲ, ಎತ್ತರ ಜಿಗಿತಕ್ಕೆ ಬಾಗಿದ ಓಟ, ಉದ್ದ ಜಿಗಿತಕ್ಕೆ ಹಲಗೆಯ ಮೇಲೆ ಸರಿಯಾಗಿ ಕಾಲು ಬೀಳುವ ನೇರ ಓಟ. ಕಾಲೇಜು ದಿನಗಳಲ್ಲಿ ನಾನು ಇವುಗಳಲ್ಲಿ ಎರಡನ್ನು ಮಾತ್ರ ಪ್ರಯತ್ನಿಸಿ, ಎರಡರಲ್ಲೂ ಹೆಜ್ಜೆ ತಪ್ಪಿ, ಒಂದನ್ನು ಬಿಟ್ಟವಳು. ಮರು ವರ್ಷ ಕ್ರೈಸ್ಟ್‌ಚರ್ಚ್ ಕಾಮನ್‌ವೆಲ್ತ್ ಕೂಟದ ಉದ್ದ ಜಿಗಿತದ ಚಿನ್ನವೂ ಒಶಿಕೋಯಾ ಅವರದೇ.

ಆಮೇಲೆ ಮೊಜಾಂಬಿಕ್‌ನ ಮರಿಯಾ ಮುಟೋಲಾ. ಹುಡುಗರ ಜೊತೆ ಫುಟ್ಬಾಲ್ ಆಡುತ್ತಿದ್ದ ಈ ಹುಡುಗಿಯನ್ನು ಓಟದ ಕಡೆ ತಿರುಗಿಸಿದವರು ಆ ದೇಶದ ದೊಡ್ಡ ಕವಿ ಜೋಸೆ ಕ್ರವೈರಿನ್ಯಾ. ಕವಿಗಳಿಂದ ಲೋಕಕ್ಕೆ ಇಂಥ ಉಪಕಾರವೂ ಆಗುವುದುಂಟು. 1991ರ ಕೈರೊ, 1995ರ ಹರಾರೆ, 1999ರ ಜೊಹಾನ್ಸ್‌ಬರ್ಗ್, ಮೂರೂ ಕೂಟಗಳಲ್ಲಿ 800 ಮೀಟರ್ ಚಿನ್ನ ಮುಟೋಲಾ ಅವರದು. 2000ದ ಸಿಡ್ನಿ ಒಲಿಂಪಿಕ್ಸ್ ಚಿನ್ನ ಬಂದದ್ದು ಇವೆಲ್ಲದರ ನಂತರ. 2011ರಲ್ಲಿ ಹಣದ ಅಡಚಣೆಯಿಂದ ಜಾಂಬಿಯಾ ಹಿಂದೆ ಸರಿದು ಕೂಟ ಮಪುಟೊಕ್ಕೆ ಬಂದಾಗ ಓಟದಿಂದ ನಿವೃತ್ತರಾಗಿದ್ದ ಮುಟೋಲಾ ಏನು ಮಾಡಿದರು ಗೊತ್ತೇ? ಮೊಜಾಂಬಿಕ್ ಮಹಿಳಾ ಫುಟ್ಬಾಲ್ ತಂಡದ ನಾಯಕಿಯಾಗಿ ತವರಿನ ಅದೇ ಕೂಟದಲ್ಲಿ ಆಡಿದರು. ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಇಂಥದ್ದು ನಡೆಯಲು ಸಾಧ್ಯವೇ ಇಲ್ಲ. ಎರಡನ್ನೂ ಒಂದು ಮಾಡಬೇಕೆನ್ನುವವರು ಇದನ್ನು ಗಮನಿಸಬೇಕು.

ಇನ್ನು, ತಾರೆಯರು ಬರುವುದೇ ಇಲ್ಲ ಎಂಬ ಮಾತಿಗೆ. ನೈಜೀರಿಯಾದ ಟೋಬಿ ಅಮುಸಾನ್ 2015ರಲ್ಲಿ ಹದಿನೆಂಟು ವರ್ಷದವಳಾಗಿ ಬ್ರಾಝವಿಲ್‌ನಲ್ಲಿ 100 ಮೀಟರ್ ಹರ್ಡಲ್ಸ್ ಗೆದ್ದಳು, 2019ರಲ್ಲಿ ರಬಾತ್‌ನಲ್ಲಿ ಗೆದ್ದಳು, 2022ರಲ್ಲಿ ಯೂಜೀನ್‌ನಲ್ಲಿ 12.12 ಸೆಕೆಂಡುಗಳ ವಿಶ್ವದಾಖಲೆ ಬರೆದಳು, ಅದಾದ ಮೇಲೂ 2024ರಲ್ಲಿ ಅಕ್ರಾಕ್ಕೆ ಬಂದು ಮೂರನೇ ಸಲ ಗೆದ್ದಳು. ವಿಶ್ವದಾಖಲೆಯ ಒಡತಿಗೆ ಅಲ್ಲಿ ಹೊಸದಾಗಿ ಸಾಧಿಸಿ ತೋರಿಸುವುದು ಏನೂ ಉಳಿದಿರಲಿಲ್ಲ. ಆದರೂ ಬಂದಳು.

ಹಿಂದೂ ಮಹಾಸಾಗರದ ದಂಡೆ

ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ದಾರ್ ಎಸ್ ಸಲಾಮ್‌ನಲ್ಲಿದ್ದೇನೆ. ಇಲ್ಲಿ ಫಿಲ್ಬರ್ಟ್ ಬಾಯಿ ಹೆಸರು ಹೇಳಿದರೆ ಟ್ಯಾಕ್ಸಿ ಓಡಿಸುವ ಹಿರಿಯರೂ ಮಾತಿಗೆ ನಿಲ್ಲುತ್ತಾರೆ. ಅವರ ಮಾತು ಹೆಚ್ಚಾಗಿ ಕ್ರೈಸ್ಟ್‌ಚರ್ಚ್‌ನ 1974ರ 1500 ಮೀಟರ್ ಓಟದ ಬಗ್ಗೆ. ಬಾಯಿ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಮುಂದೆಯೇ ಇದ್ದು, 3 ನಿಮಿಷ 32.2 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ನ್ಯೂಜಿಲೆಂಡಿನ ಜಾನ್ ವಾಕರ್ ಅವರನ್ನು ಅವರದೇ ನೆಲದಲ್ಲಿ ಹಿಂದಿಕ್ಕಿದ ಓಟವದು. ಅದಕ್ಕೆ ಒಂದು ವರ್ಷ ಮೊದಲೇ ಲಾಗೋಸ್‌ನಲ್ಲಿ ಕೀನೊ ಅವರನ್ನು ಸೋಲಿಸಿದ್ದನ್ನು ನಾನು ನೆನಪಿಸಿದರೆ, ಅದು ಮನೆಯೊಳಗಿನ ಮಾತು ಎಂಬಂತೆ ನಗುತ್ತಾರೆ. ಬಾಯಿ ಮುಂದೆ ಈ ದೇಶದ ಒಲಿಂಪಿಕ್ ಸಮಿತಿಯ ಪ್ರಧಾನ ಕಾರ್ಯದರ್ಶಿಯಾದರು.

ವಾಕರ್ ಮತ್ತು ಬಾಯಿ 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಮತ್ತೆ ಎದುರಾಗಬೇಕಿತ್ತು. ವರ್ಣಭೇದದ ದಕ್ಷಿಣ ಆಫ್ರಿಕಕ್ಕೆ ನ್ಯೂಜಿಲೆಂಡಿನ ರಗ್ಬಿ ತಂಡ ಪ್ರವಾಸ ಹೋದದ್ದನ್ನು ಖಂಡಿಸಿ ಆಫ್ರಿಕದ ದೇಶಗಳು ಒಲಿಂಪಿಕ್ಸ್ ಬಹಿಷ್ಕರಿಸಿದವು. ವಾಕರ್ ಚಿನ್ನ ಗೆದ್ದರು, ಬಾಯಿ ಮನೆಯಲ್ಲಿ ಉಳಿದರು. ಎರಡು ವರ್ಷಗಳ ನಂತರ ಅಲ್ಜಿಯರ್ಸ್‌ನಲ್ಲಿ ತಮ್ಮ ಆಫ್ರಿಕಾ ಪಟ್ಟವನ್ನು ಉಳಿಸಿಕೊಂಡರು.

ಹಳೇ ಸ್ಪೈಕ್ಸ್

ಮರಳು ಗುಂಡಿ ಮೇಡಂ ಅವರ ಆಕ್ಷೇಪಣೆ ನ್ಯಾಯವಾದದ್ದು, ಒಪ್ಪಿಕೊಂಡೆ.

ದಾರ್ ಎಸ್ ಸಲಾಮ್‌ನ ಮಿತ್ರರು ನಾನು ಹೇಳಬೇಕೆಂದಿದ್ದ ಮಾತಿನ ಬಾಗಿಲನ್ನೇ ತೆರೆದರು. ಲೆಕ್ಕದ ಪುಸ್ತಕದವರು ಕೊಟ್ಟ ದಿನಾಂಕಗಳೆಲ್ಲ ಸರಿ, ಆದರೆ ಅವು ಅರ್ಧ ಉತ್ತರ. ಈ ಕೂಟದ ಬೆಲೆ ಏರಿಳಿದದ್ದು ಆಫ್ರಿಕದ ಓಟಗಾರನಿಗೆ ಬೇರೆ ಯಾವ ಬಾಗಿಲುಗಳು ತೆರೆದಿದ್ದವು, ಯಾವುವು ಮುಚ್ಚಿದ್ದವು ಎಂಬುದರ ಮೇಲೆ. ಖಂಡಕ್ಕೊಂದು ಕೂಟ ಬೇಕೆಂಬ ಯೋಜನೆ 1925ರಲ್ಲಿ ಅಲ್ಜಿಯರ್ಸ್‌ಗೆ, 1929ರಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಬಂದು, ವಸಾಹತು ಆಡಳಿತಗಳ ವಿರೋಧದಿಂದ ಎರಡು ಸಲವೂ ಮುರಿದುಬಿತ್ತು. ನವದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದದ್ದು 1951ರಲ್ಲಿ, ಬ್ರಾಝವಿಲ್‌ನದ್ದು 1965ರಲ್ಲಿ. ನಡುವಿನ ಈ ಹದಿನಾಲ್ಕು ವರ್ಷ ಆಫ್ರಿಕದ ದೇಶಗಳು ಒಂದೊಂದಾಗಿ ಸ್ವತಂತ್ರವಾಗಲು ಹಿಡಿದ ಕಾಲ.

ರೋನೊ ಅವರನ್ನೇ ನೋಡಿ. 1978ರ ಏಪ್ರಿಲ್‌ನಿಂದ ಜೂನ್‌ವರೆಗಿನ 81 ದಿನಗಳಲ್ಲಿ 5000 ಮೀಟರ್, ಸ್ಟೀಪಲ್‌ಚೇಸ್, 10,000 ಮೀಟರ್, 3000 ಮೀಟರ್, ಹೀಗೆ ನಾಲ್ಕು ವಿಶ್ವದಾಖಲೆಗಳನ್ನು ಮುರಿದ ಈ ಮನುಷ್ಯ ಒಂದೇ ಒಂದು ಒಲಿಂಪಿಕ್ಸ್‌ನಲ್ಲೂ ಓಡಲಿಲ್ಲ. 1976 ಮತ್ತು 1980 ಎರಡನ್ನೂ ಕೀನ್ಯಾ ಬಹಿಷ್ಕರಿಸಿತ್ತು. ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಆಗಿನ್ನೂ ಹುಟ್ಟಿರಲಿಲ್ಲ, ಅದು ಆರಂಭವಾದದ್ದು 1983ರಲ್ಲಿ. ಹಾಗಾದರೆ ಆ ಬೇಸಿಗೆಯ ರೋನೊಗೆ ದೇಶದ ಅಂಗಿ ತೊಟ್ಟು ದೊಡ್ಡ ಪದಕಕ್ಕಾಗಿ ಓಡಲು ಇದ್ದ ಜಾಗಗಳು ಎರಡೇ, ಅಲ್ಜಿಯರ್ಸ್ ಮತ್ತು ಎಡ್ಮಂಟನ್. ಹಣದ ಬಾಗಿಲೂ ಮುಚ್ಚಿತ್ತು, ಏಕೆಂದರೆ ನಿಯಮದ ಪ್ರಕಾರ ಎಲ್ಲರೂ ಹವ್ಯಾಸಿಗಳು. ಇಂದಿನ ಓಟಗಾರನಿಗೆ ಎರಡು ವರ್ಷಕ್ಕೊಂದು ವಿಶ್ವ ಚಾಂಪಿಯನ್‌ಷಿಪ್ ಇದೆ, ಡೈಮಂಡ್ ಲೀಗ್ ಇದೆ, ನಗರ ಮ್ಯಾರಥಾನ್‌ಗಳಿವೆ, ನಮ್ಮ ಬೆಂಗಳೂರಿನ 10 ಕಿಲೋಮೀಟರ್ ಓಟಕ್ಕೂ ಕೀನ್ಯಾ, ಇಥಿಯೋಪಿಯಾದಿಂದ ಬಂದು ಬಹುಮಾನ ಒಯ್ಯುತ್ತಾರೆ. ಬೇರೆ ಬಾಗಿಲುಗಳು ತೆರೆದಷ್ಟೂ ದೂರದ ಓಟಗಾರರು ಈ ಕೂಟದಿಂದ ಹೊರನಡೆದರು. ಯಾರಿಗೆ ಅವು ಅಷ್ಟಾಗಿ ತೆರೆಯಲಿಲ್ಲವೋ, ಅಂದರೆ ಎಸೆತದವರು, ಜಿಗಿತದವರು, ಸಣ್ಣ ದೇಶಗಳ ವೇಗದ ಓಟಗಾರರು, ಅವರು ಒಳಬಂದರು. ಯೇಗೊ ಅವರಿಗೆ ಮಪುಟೊ ಮುಖ್ಯವಾದದ್ದು ಇದೇ ಕಾರಣಕ್ಕೆ.

ಸುಣ್ಣದ ಗೆರೆ

ವೇಗದ ಓಟದ ಮಟ್ಟವೇನೂ ಕಡಿಮೆಯಿಲ್ಲ ಎಂಬುದಕ್ಕೆ ಎರಡು ಫಲಿತಾಂಶ ಕೊಡುತ್ತೇನೆ. 2003ರ ಅಬುಜಾದಲ್ಲಿ ನೈಜೀರಿಯಾದ ಡೇಜಿ ಅಲಿಯು 100 ಮೀಟರ್ ಅನ್ನು 9.95 ಸೆಕೆಂಡುಗಳಲ್ಲಿ ಗೆದ್ದರು. 2019ರ ರಬಾತ್‌ನಲ್ಲಿ ನೈಜೀರಿಯಾದ ರೇಮಂಡ್ ಎಕೆವ್ವೊ 9.96, ಐವರಿ ಕೋಸ್ಟ್‌ನ ಆರ್ಥರ್ ಸಿಸೆ 9.97. ಒಂದು ಖಂಡದ ಕೂಟದಲ್ಲಿ ಇಬ್ಬರು ಹತ್ತು ಸೆಕೆಂಡಿನೊಳಗೆ ಬಂದು, ಅವರ ನಡುವೆ ಎದೆಯ ಅಂತರವೂ ಇಲ್ಲದಿರುವುದು ಸಾಮಾನ್ಯ ಸಂಗತಿಯಲ್ಲ.

ದೂರದ ಓಟಗಳ ಸಮಯ ನಿಧಾನವಾಗಿರುವುದನ್ನು ನೋಡಿ ಮಟ್ಟ ಕುಸಿದಿದೆ ಎನ್ನುವವರು ಊರನ್ನೂ ನೋಡಬೇಕು. ಲಾಗೋಸ್, ಮಪುಟೊ, ಅಕ್ರಾ ಸಮುದ್ರಮಟ್ಟದ ಸೆಕೆಯ ಊರುಗಳು. ನೈರೋಬಿ, ಜೊಹಾನ್ಸ್‌ಬರ್ಗ್ ಸಮುದ್ರಮಟ್ಟದಿಂದ ಸುಮಾರು 1,700 ಮೀಟರಿಗಿಂತ ಎತ್ತರದಲ್ಲಿವೆ. ಅಲ್ಲಿ ತೆಳುವಾದ ಗಾಳಿ 100 ಮೀಟರ್ ಓಡುವವನಿಗೆ ದಾರಿ ಬಿಡುತ್ತದೆ, 10,000 ಮೀಟರ್ ಓಡುವವನ ಉಸಿರು ಕಟ್ಟಿಸುತ್ತದೆ. ಎರಡೂ ಬಗೆಯ ಊರಿನಲ್ಲಿ ದೂರದ ಓಟಕ್ಕೆ ವೇಗದ ಸಮಯ ಕಷ್ಟ. ಹಾಗಾಗಿ ಅಲ್ಲಿ ನಡೆಯುವುದು ಗಡಿಯಾರದ ವಿರುದ್ಧದ ಓಟವಲ್ಲ, ಪಕ್ಕದವನ ವಿರುದ್ಧದ ಓಟ. ನೋಡುವವರಿಗೆ ಅದೇ ಹೆಚ್ಚು ರುಚಿ ಎಂದು ನನ್ನ ಅನಿಸಿಕೆ.

ಲೆಕ್ಕದ ಪುಸ್ತಕ

ಎಂಟನೇ ಲೇನ್ ಅವರು ಕೇಳಿದ ಲೆಕ್ಕಕ್ಕೆ ನನ್ನ ಬಳಿ ಉತ್ತರ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಮರಿ-ಜೋಸೆ ಟಾ ಲೂ ಅವರ ಉದಾಹರಣೆಯನ್ನು ನಾನೇ ಹುಡುಕಿ ನೋಡಿದೆ. 2015ರಲ್ಲಿ ಬ್ರಾಝವಿಲ್‌ನಲ್ಲಿ 100 ಮತ್ತು 200 ಮೀಟರ್ ಎರಡನ್ನೂ ಗೆದ್ದ ಅವರು 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವೇ ಎರಡು ಓಟಗಳಲ್ಲಿ ಬೆಳ್ಳಿ ಪಡೆದರು. ಮೆಟ್ಟಿಲಾಗಿ ಈ ಕೂಟ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಇದು ಸಾಕ್ಷಿ. ಹಾಗಾಗಿ ಎರಡು ಕೂಟಗಳನ್ನು ಒಂದು ಮಾಡಬೇಕೆಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ದಿನಾಂಕದ ದೂರನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. ಮುಂದಿನ ಕೂಟದ ಆತಿಥ್ಯ 2027ಕ್ಕೆ ಈಜಿಪ್ಟಿನದು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಬೀಜಿಂಗ್‌ನಲ್ಲಿ, ಸೆಪ್ಟೆಂಬರ್ 11ರಿಂದ 19ರವರೆಗೆ. ಅದರ ಹಿಂದೆ ಮುಂದೆ ಮೂರು ವಾರ ಬಿಟ್ಟು ಓಟಗಳನ್ನು ಇಡುವಷ್ಟು ಎಚ್ಚರ ಈ ಸಲವಾದರೂ ಇದ್ದರೆ ಒಳ್ಳೆಯದು.

ಪೂರ್ವ ಗ್ಯಾಲರಿ

ಎಲ್ಲರಿಗೂ ವಂದನೆಗಳು. ರೋನೊ ಕುರಿತ ನನ್ನ ತಪ್ಪನ್ನು ಮೇಲೆ ಹಾಗೆಯೇ ಬಿಟ್ಟಿದ್ದೇನೆ, ಇಲ್ಲದಿದ್ದರೆ ಕೆಳಗಿನ ತಿದ್ದುಪಡಿ ಯಾರಿಗೂ ಅರ್ಥವಾಗುವುದಿಲ್ಲ. ಯೇಗೊ ಅವರ ಲೆಕ್ಕವನ್ನೂ ಪೂರ್ತಿ ಮಾಡಿಬಿಡುತ್ತೇನೆ. ಮಪುಟೊ ಆದ ಮೇಲೆ 2019ರ ರಬಾತ್‌ನಲ್ಲಿ 87.73 ಮೀಟರ್ ಎಸೆದು ಚಿನ್ನ, 2024ರ ಅಕ್ರಾದಲ್ಲಿ ಮತ್ತೆ ಚಿನ್ನ. ಕಂಠೀರವದಲ್ಲಿ ಅವರನ್ನು ಕಂಡಾಗ ಅವರ ಹಿಂದೆ ಈ ಮೂರೂ ಇದ್ದವು. ಸುಣ್ಣದ ಗೆರೆ ಸರ್, ಸ್ಟೀಪಲ್‌ಚೇಸ್‌ನ ಕಪ್ಪುಹಲಗೆಯ ಚಿತ್ರದ ಫೋಟೊ ಇದ್ದರೆ ದಯವಿಟ್ಟು ಇಲ್ಲಿ ಹಾಕಿ.